ಹತ್ತನೇ ಕ್ಲಾಸಿನ ಮಗಳು ಮಾತು ಬಿಟ್ಟಿದ್ದಾಳೆ, ಏನು ಮಾಡಲಿ?

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಸಿಂಧನೂರು ಹತ್ತಿರದ ಊರು, ಮಗಳು ಎಸ್ಸೆಸ್ಸೆಲ್ಸಿ. ದೀಪಾವಳಿ ಆದಮೇಲೆ ಸರಿಯಾಗಿ ಮಾತಾಡುತ್ತಿಲ್ಲ, ಸಣ್ಣದಕ್ಕೂ ಅಳುತ್ತಾಳೆ, ರಾತ್ರಿ ಮೊಬೈಲ್ ಬಿಡುವುದಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಊರವರು ಏನಂದಾರು ಅಂತಲೂ ಕೇಳಿದ್ದೀರಿ. ನಾನು ಡಾಕ್ಟರಲ್ಲ, ರಾಯಚೂರು ಜಿಲ್ಲೆಯಲ್ಲೇ ಹೈಸ್ಕೂಲ್ ಟೀಚರ್. ಈ ವಯಸ್ಸಿನ ಮಕ್ಕಳ ಜೊತೆ ದಿನಾ ಇರುತ್ತೇನೆ. ಅದರಿಂದ ತಿಳಿದಿದ್ದನ್ನು ಹೇಳುತ್ತೇನೆ.

ಮೊದಲು, "ಏನಾಗಿದೆ ಹೇಳು, ಹೇಳು" ಅಂತ ಎದುರು ಕೂರಿಸಿಕೊಂಡು ಕೇಳುವುದನ್ನು ನಿಲ್ಲಿಸಿ. ಹಾಗೆ ಕೇಳಿದಷ್ಟೂ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಮುಖ ಮುಖ ನೋಡದೆ, ಕೈಯಲ್ಲಿ ಏನೋ ಕೆಲಸ ಇದ್ದಾಗ ಮಾತು ಸುಲಭ. ನೀವು ಅವಳ ತಲೆ ಬಾಚಿ ಜಡೆ ಹಾಕಿ. ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರಲಿ. ಅವರಪ್ಪ ಗಾಡಿ ಮೇಲೆ ಹೊಲಕ್ಕೆ ಹೋಗುವಾಗ ಹಿಂದೆ ಕೂರಿಸಿಕೊಂಡು ಹೋಗಲಿ. ಆಗ ಓದಿನ ಮಾತು ಎತ್ತಬೇಡಿ. ಮೊದಲ ವಾರ ಅವಳು ಏನೂ ಹೇಳದೇ ಇರಬಹುದು, ಇರಲಿ ಬಿಡಿ.

ಹೇಳಿದ ದಿನ ಪೂರ್ತಿ ಕೇಳಿಸಿಕೊಳ್ಳಿ. "ಇಷ್ಟಕ್ಕೆಲ್ಲಾ ಅಳ್ತಾರಾ?" ಅನ್ನಬೇಡಿ. ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಅವಳು ಹೇಳಿದ್ದು ಸಂಜೆಯೊಳಗೆ ದೊಡ್ಡಮ್ಮನಿಗೆ, ಅತ್ತೆಗೆ ಗೊತ್ತಾಗಬಾರದು. ನನ್ನ ಹತ್ತಿರ ಬರುವ ಹುಡುಗಿಯರು ಹೆಚ್ಚಾಗಿ ಹೇಳುವುದು ಇದನ್ನೇ: "ಮನೇಲಿ ಹೇಳಿದ್ರೆ ಎಲ್ಲರಿಗೂ ಗೊತ್ತಾಗುತ್ತೆ ಟೀಚರ್." ಒಮ್ಮೆ ಹಾಗಾದರೆ ಮತ್ತೆ ಹೇಳುವುದಿಲ್ಲ.

ನಿಮ್ಮ ಮನೆಯಲ್ಲಿ ಇದೆಯೋ ಇಲ್ಲವೋ, ನಮ್ಮ ಕಡೆ ಹೆಣ್ಣುಮಕ್ಕಳಿಗೆ ಒಂದು ಬೆದರಿಕೆ ಹಾಕುತ್ತಾರೆ: "ಫೇಲಾದರೆ ಮದುವೆ ಮಾಡಿ ಕಳಿಸ್ತೀವಿ." ದೊಡ್ಡವರು ಓದಲಿ ಅಂತ ಸುಮ್ನೆ ಅಂದಿರುತ್ತಾರೆ. ಆದರೆ ಅವಳ ಜೊತೆ ಓದಿದ ಯಾರಿಗೋ ನಿಜವಾಗಿ ಹಾಗೇ ಆಗಿರುತ್ತದೆ, ಅದನ್ನು ಅವಳು ಕಣ್ಣಾರೆ ನೋಡಿರುತ್ತಾಳೆ. ಆಮೇಲೆ ಗಣಿತದ ಪುಸ್ತಕ ತೆರೆದಾಗಲೆಲ್ಲ ಅವಳಿಗೆ ಕಾಣುವುದು ಆ ಹುಡುಗಿಯ ಗತಿ. ಆ ಭಯದಲ್ಲಿ ಯಾವ ಲೆಕ್ಕ ತಲೆಗೆ ಹತ್ತುತ್ತದೆ ಹೇಳಿ? ಆ ಮಾತು ನಿಮ್ಮ ಮನೆಯಲ್ಲಿ ಯಾರೇ ಆಡಿದ್ದರೂ, ಅವರೇ ಅವಳ ಮುಂದೆ ವಾಪಸ್ ತೆಗೆದುಕೊಳ್ಳಲಿ. ಫೇಲಾದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು, ಅದನ್ನೂ ಈಗಲೇ ಹೇಳಿ. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ ಅಂತಲೂ ಅವಳಿಗೆ ಗೊತ್ತಿರಲಿ.

ಮೊಬೈಲ್ ಕಿತ್ತುಕೊಳ್ಳಬೇಡಿ. ಗೆಳತಿಯರ ಜೊತೆ ಮಾತಾಡಲು ಅವಳಿಗೆ ಇರುವುದು ಅದೊಂದೇ ಇರಬಹುದು. ಆದರೆ ನಿದ್ದೆ ಬೇಕೇ ಬೇಕು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಡಾಕ್ಟರರು ಹೇಳುತ್ತಾರೆ. ಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ, ಹಾಗಾಗಿ ಒಂಬತ್ತಕ್ಕೇ ಕಣ್ಣು ಮುಚ್ಚದಿದ್ದರೆ ಅದು ಸೋಮಾರಿತನ ಅಲ್ಲ. ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವುದನ್ನು ಬಿಡಿ. ಬೇಸಿಗೆಯಲ್ಲಿ ಹೇಗೂ ಮಾಳಿಗೆ ಮೇಲೆ ಮಲಗುತ್ತೀರಿ ಅಲ್ವಾ? ಮನೆಯವರೆಲ್ಲರ ಫೋನೂ ಕೆಳಗೇ ಇರಲಿ, ನಿಮ್ಮದೂ ಸೇರಿ.

ಇನ್ನು ಊರವರ ಮಾತು. ಮನಸ್ಸಿನ ಚಿಕಿತ್ಸೆ ನಮ್ಮ ಕಡೆ ಹೊಸದೇನಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ನಮ್ಮ ಪಕ್ಕದ ಬಳ್ಳಾರಿ. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ಅದೇ ದಾರಿಯಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿತು. ನಮ್ಮ ಭಾಗದ ರೈತರು, ಕೂಲಿಯವರು ಈ ಚಿಕಿತ್ಸೆ ಪಡೆದು ಎಷ್ಟೋ ವರ್ಷ ಆಯಿತು. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ 10ರಿಂದ 19 ವರ್ಷದವರಿಗಾಗಿಯೇ ಇರುವುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ವಿಚಾರಿಸಿಕೊಂಡು ಹೋಗಿ. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ರಿಮ್ಸ್ ಕೂಡ ಇದೆ. ಬೇಸರ ಎರಡು ವಾರಕ್ಕಿಂತ ಜಾಸ್ತಿ ಉಳಿದರೆ, ಊಟ ನಿದ್ದೆ ಕೆಟ್ಟರೆ, ಇಷ್ಟದ ಕೆಲಸವೂ ಬೇಡ ಅನಿಸಿದರೆ ತೋರಿಸಬೇಕು. ನೀವು ಬರೆದಿದ್ದು ನೋಡಿದರೆ ಆ ಹೊತ್ತು ಬಂದಿದೆ. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ.

"ನಾನು ಇರಬಾರದಿತ್ತು" ಅನ್ನೋ ಥರದ ಮಾತು ಬಂದರೆ ಹೆದರದೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸ್ತಾ ಇದೆಯಾ ಮಗಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಹತ್ತಿಗೆ, ಭತ್ತಕ್ಕೆ ಹೊಡೆಯುವ ಔಷಧ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಸಾಗಿಸಿ, ಬೀಗ ಹಾಕಿ. ಅವಳು ಏನೂ ಅನ್ನದಿದ್ದರೂ ಇದನ್ನು ಮಾಡಿ.

ಆಸ್ಪತ್ರೆಗೆ ಹೋಗುವ ಮೊದಲೇ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗಳಿಗೂ ಆ ನಂಬರ್ ಬರೆದುಕೊಡಿ. ನಿಮಗೂ ಎಷ್ಟೋ ದಿನದಿಂದ ನಿದ್ದೆ ಇಲ್ಲ ಅಂತ ಬರೆದಿದ್ದೀರಿ, ನಿಮ್ಮ ಸಲುವಾಗಿಯೂ ಫೋನ್ ಮಾಡಿ ಅಕ್ಕಾ.