ಮುದ್ದೆ ನುಂಗುವ ಊರಿನಲ್ಲಿ ಚಿಕ್ಕ ಹೊಟ್ಟೆ

ತೂಕ ಇಳಿಸುವ ಆಪರೇಷನ್ ಆದವರು ಏನು ಬೇಕಾದರೂ ಕೇಳಬಹುದು ಎಂದು ಹೇಳಿದ್ದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಬಂದ ಪತ್ರಗಳಲ್ಲಿ ಆಪರೇಷನ್ ಬಗ್ಗೆ ಕೇಳಿದವರು ಕಡಿಮೆ. ಎಲ್ಲರ ತಾಪತ್ರಯ ಆಮೇಲಿನದು: ಅಡುಗೆಮನೆ, ಟೊಮೆಟೊ ಮಂಡಿ, ಮದುವೆಮನೆ. ನಾನು ಸರ್ಜನ್ ಅಲ್ಲ, ಡಯಟಿಷಿಯನ್. ಹಾಗಾಗಿ ನನಗೂ ಇದೇ ಇಷ್ಟದ ವಿಷಯ. ಹೆಸರು ಬೇಡ ಎಂದು ಎಲ್ಲರೂ ಬರೆದಿದ್ದಾರೆ, ಹಾಕಿಲ್ಲ.

ಸ್ಲೀವ್ ಆಪರೇಷನ್ ಆಗಿ ಐದು ವಾರ. ಮೆತ್ತಗಿನ ಊಟ ಮಾಡಿ ಎಂದಿದ್ದರು. ಮುದ್ದೆಗಿಂತ ಮೆತ್ತಗಿನದು ಯಾವುದಿದೆ ಎಂದು ಅಮ್ಮ ನಿಂಬೆಹಣ್ಣಿನಷ್ಟು ಮುದ್ದೆ, ಬಸ್ಸಾರು ಕೊಟ್ಟರು. ಎರಡು ತುತ್ತಿಗೆ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಾಯಿತು. ಬಾಯಿ ತುಂಬ ನೊರೆ, ಆಮೇಲೆ ವಾಂತಿ. ಇನ್ನು ಜೀವನಪೂರ್ತಿ ಮುದ್ದೆ ಇಲ್ಲವಾ? (34 ವರ್ಷ, ಮಾಲೂರು)

ಇದೆ. ಈಗಲೇ ಇಲ್ಲ, ಮೊದಲಿನ ಹಾಗೂ ಇಲ್ಲ.

ನಿಮ್ಮ ಅಮ್ಮನದು ತಪ್ಪಲ್ಲ. ಕೈಗೆ ಮುದ್ದೆ ಮೆತ್ತಗೇ ಇರುತ್ತದೆ. ತಪ್ಪು ನಮ್ಮಂಥವರದು. ಚೀಟಿಯಲ್ಲಿ ಇಡ್ಲಿ, ಗಂಜಿ, ಕಿಚಡಿ ಎಂದು ಬರೆದು ಕಳಿಸುತ್ತೇವೆ, ಮುದ್ದೆಯ ಮಾತೇ ಎತ್ತುವುದಿಲ್ಲ. ನಾನೂ ಎಷ್ಟೋ ವರ್ಷ ಹೀಗೇ ಮಾಡಿದ್ದೇನೆ, ಮುದ್ದೆ ತಿಂದೇ ಬೆಳೆದವಳಾಗಿಯೂ.

ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಚಿಕ್ಕಂದಿನಲ್ಲಿ ಅಗಿದರೆ ಅಜ್ಜಿ ನಗುತ್ತಿದ್ದರು. ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಉಳಿದಿದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡಿರುತ್ತಾರೆ. ಐದು ವಾರಕ್ಕೆ ಅದರ ಒಳಗಿನ ಊತ ಪೂರ್ತಿ ಇಳಿದಿರುವುದಿಲ್ಲ. ಅಲ್ಲಿಗೆ ಅಗಿಯದ, ಅಂಟುವ ಒಂದು ಉಂಡೆ ಹೋಗಿ ಕೂತರೆ ಕಲ್ಲಿಟ್ಟ ಹಾಗೇ ಆಗುತ್ತದೆ. ಬಂದ ನೊರೆ ಎಂಜಲು. ಕೆಳಗೆ ದಾರಿ ಇಲ್ಲದೆ ಮೇಲೆ ಬಂತು, ಅಷ್ಟೆ.

ಸಾಮಾನ್ಯವಾಗಿ ನಾನು ಮುದ್ದೆಗೆ ಎರಡೂವರೆ, ಮೂರು ತಿಂಗಳು ಕಾಯಿಸುತ್ತೇನೆ. ನಿಮ್ಮ ಆಸ್ಪತ್ರೆಯವರು ಇನ್ನೂ ಕಾಯಿರಿ ಎಂದರೆ ಅವರ ಮಾತೇ ಸರಿ. ಅಲ್ಲಿಯವರೆಗೆ ರಾಗಿ ಬೇಕೇಬೇಕು ಅನ್ನಿಸಿದರೆ ತೆಳ್ಳಗಿನ ಅಂಬಲಿಗೆ ಮಜ್ಜಿಗೆ ಹಾಕಿ, ಅರ್ಧ ಲೋಟವನ್ನು ಗುಟುಕು ಗುಟುಕಾಗಿ ಕುಡಿಯಿರಿ. ಬೆಲ್ಲ ಬೇಡ. ಅಂಗಡಿಯ ಮಾಲ್ಟ್ ಪುಡಿ ತರುವುದಾದರೆ ಸಕ್ಕರೆ ಎಷ್ಟಿದೆ ಎಂದು ಡಬ್ಬದ ಹಿಂದೆ ಓದಿ. ಮುದ್ದೆ ಶುರು ಮಾಡುವ ದಿನ ಗಟ್ಟಿಯಾಗಿ ತೊಳಸಬೇಡಿ, ಸಡಿಲ ಇರಲಿ. ತುತ್ತು ಗೋಲಿ ಗಾತ್ರ. ಒಂದು ತುತ್ತು ಇಳಿಯಿತು ಅನ್ನಿಸಿದ ಮೇಲೆ ಇನ್ನೊಂದು. ಅಜ್ಜಿ ನಕ್ಕರೆ ನಗಲಿ.

ಇದಕ್ಕಿಂತ ದೊಡ್ಡ ವಿಷಯ ತಟ್ಟೆಯಲ್ಲಿ ಯಾವುದು ಮೊದಲು ಅನ್ನುವುದು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ನಿಮಗೆ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ. ಅಷ್ಟು ಹಿಟ್ಟಿನ ಮುದ್ದೆ ಈಗಿನ ಹೊಟ್ಟೆಯಲ್ಲಿ ಹಿಡಿಸುವುದೂ ಇಲ್ಲ. ಮುದ್ದೆಯಿಂದ ಶುರು ಮಾಡಿದರೆ ಜಾಗವೆಲ್ಲ ಅದಕ್ಕೇ ಹೋಗುತ್ತದೆ.

ಬಸ್ಸಾರನ್ನೇ ನೋಡಿ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಶಕ್ತಿಯೆಲ್ಲ ಸಾರಿನಲ್ಲಿ ಇಳಿದಿದೆ ಎಂದು ನಾವು ಹುಷಾರಿಲ್ಲದವರಿಗೆ ಸಾರು ಕುಡಿಸುತ್ತೇವೆ. ಪ್ರೋಟೀನ್ ಮಾತ್ರ ಪಲ್ಯದಲ್ಲೇ ಕೂತಿರುತ್ತದೆ. ಕಾಲು ಸೂಪಿನದೂ ಅದೇ ಕಥೆ. ಮೊದಲು ಕಾಳು, ನುಣ್ಣಗೆ ಬೆಂದು ಕಿವುಚಿದ್ದು. ಕೊನೆಗೆ ಜಾಗ ಉಳಿದರೆ ಮುದ್ದೆ. ಸಾರು ಅದ್ದಿಕೊಳ್ಳುವಷ್ಟಿರಲಿ, ಸುರಿದುಕೊಳ್ಳುವಷ್ಟು ಬೇಡ. ಆಸ್ಪತ್ರೆಯಲ್ಲಿ ಊಟದ ಜೊತೆ ನೀರು ಬೇಡ ಎಂದವರು ಸಾರನ್ನೂ ಸೇರಿಸಿಯೇ ಹೇಳಿದ್ದಾರೆ. ಊಟವಾಗಿ ಅರ್ಧ ಗಂಟೆ ಬಿಟ್ಟು ನೀರು ಗುಟುಕರಿಸಿ, ದಿನದಲ್ಲಿ ಒಂದೂವರೆ ಲೀಟರ್ ಆದರೂ ಆಗಬೇಕು.

ಅವರೆ ಕಾಲ ಬಂದರೆ ನಿಮ್ಮ ಅದೃಷ್ಟ. ಹಿದುಕಿದ ಬೇಳೆಗೆ ಸಿಪ್ಪೆಯ ಕಾಟ ಇಲ್ಲ, ಬೆಣ್ಣೆಯಂತೆ ಬೇಯುತ್ತದೆ. ಮೊಟ್ಟೆ ತಿನ್ನುವವರಾದರೆ ಒಂದರಲ್ಲಿ 6 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ, 50 ಗ್ರಾಂ ಪನೀರ್‌ನಲ್ಲಿ 9 ಗ್ರಾಂ ಪ್ರೋಟೀನ್. ಮೊದಲ ತಿಂಗಳುಗಳಲ್ಲಿ ಊಟದಿಂದಲೇ 60 ತಲುಪುವುದು ಕಷ್ಟ. ಬರೆದುಕೊಟ್ಟ ಪ್ರೋಟೀನ್ ಪುಡಿಯನ್ನು ದುಡ್ಡು ದಂಡ ಎಂದು ಬಿಡಬೇಡಿ.

ಒಂದು ಸಲ ಸಿಕ್ಕಿಕೊಂಡು ವಾಂತಿಯಾದರೆ ಗಾಬರಿ ಬೇಡ. ಆದರೆ ಒಂದು ದಿನ ನೀರೂ ನಿಲ್ಲುತ್ತಿಲ್ಲ ಅಂದರೆ ಆಸ್ಪತ್ರೆಗೆ ಹೋಗಿ. ವಾಂತಿ ದಿನಗಟ್ಟಲೆ ನಡೆದರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೆ ಪೆಟ್ಟು ಬೀಳುತ್ತದೆ. ಹೊಟ್ಟೆ ನೋವು, ಜ್ವರ, ಸುಮ್ಮನೆ ಕೂತಾಗಲೂ ನಾಡಿ 120 ದಾಟುವುದು, ಉಸಿರು ಕಟ್ಟುವುದು, ಒಂದು ಕಾಲು ಮಾತ್ರ ಊದುವುದು, ಇವುಗಳಲ್ಲಿ ಯಾವುದೇ ಬಂದರೂ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.

ಹೊಟ್ಟೆಯ ಬೈಪಾಸ್ ಆಗಿ ಹತ್ತು ತಿಂಗಳು. ಟೊಮೆಟೊ ಮಂಡಿಯಲ್ಲಿ ಕೆಲಸ. ಬೆಳಗಿನ ಜಾವ ಬನ್ನು, ಸಕ್ಕರೆ ಜಾಸ್ತಿ ಹಾಕಿದ ಟೀ ಆದ ಕಾಲು ಗಂಟೆಗೆ ಬೆವರು, ಎದೆ ಡವಡವ, ಹೊಟ್ಟೆ ನುಲಿದು ಬೇಧಿ. ಕೆಲವೊಮ್ಮೆ ಎರಡು ಗಂಟೆ ಬಿಟ್ಟು ಕೈ ನಡುಗುತ್ತೆ. ಬೆನ್ನು ನೋವಿಗೆ ಮೆಡಿಕಲ್ ಶಾಪಿನ ಮಾತ್ರೆ ತಗೊಳ್ತಿದ್ದೀನಿ. ಹಾರ್ಟ್ ತೊಂದರೆನಾ? (42 ವರ್ಷ, ಕೋಲಾರ)

ನಿಮ್ಮ ಪತ್ರದ ಕೊನೆಯ ಮಾತಿಗೆ ಮೊದಲು ಬರುತ್ತೇನೆ. ಆ ಮಾತ್ರೆ ಇವತ್ತೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಬೈಪಾಸ್ ಆದವರಿಗೆ ಆಗುವುದಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲಿನ ಸಣ್ಣ ಚೀಲವನ್ನು ನೇರ ಕರುಳಿಗೆ ಹೊಲಿದಿರುತ್ತಾರೆ. ಈ ಮಾತ್ರೆಗಳು ಆ ಹೊಲಿಗೆಯ ಜಾಗದಲ್ಲೇ ಹುಣ್ಣು ಮಾಡುತ್ತವೆ, ರಕ್ತ ಹೋಗಬಹುದು. ಬೀಡಿ, ಸಿಗರೇಟೂ ಅದೇ ಹುಣ್ಣಿಗೆ ದಾರಿ. ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ ತಕ್ಷಣ ಆಸ್ಪತ್ರೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ, ಯಾವ ಮೆಡಿಕಲ್ ಶಾಪಿನಲ್ಲಿ ನಿಂತರೂ 'ನನಗೆ ಬೈಪಾಸ್ ಆಗಿದೆ, ಹೊಟ್ಟೆಯದು' ಎಂದೇ ಹೇಳಿ. ಬರೀ ಬೈಪಾಸ್ ಎಂದರೆ ಹೃದಯದ್ದು ಅಂದುಕೊಳ್ಳುತ್ತಾರೆ.

ಬೆವರು, ಡವಡವ ನೋಡಿದರೆ ಡಂಪಿಂಗ್ ಅನ್ನಿಸುತ್ತದೆ. ಮೊದಲು ಜಠರ ಊಟವನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತಿತ್ತು. ಈಗ ಆ ಗೇಟು ಇಲ್ಲ. ಮಂಡಿಗೆ ಹತ್ತು ಲಾರಿ ಒಟ್ಟಿಗೆ ಬಂದು ನಿಂತರೆ ಏನಾಗುತ್ತದೆ, ನಿಮಗೇ ಗೊತ್ತು. ಸಕ್ಕರೆ ಒಮ್ಮೆಲೇ ಕರುಳಿಗೆ ಬಿದ್ದಾಗ ಮೈಯ ನೀರು ಅಲ್ಲಿಗೆ ಓಡುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೇಧಿ ಆಗುತ್ತದೆ. ಎರಡು ಗಂಟೆಯ ನಂತರದ ನಡುಕ ಬೇರೆ. ಏರಿದ ಸಕ್ಕರೆ ಇಳಿಸಲು ಇನ್ಸುಲಿನ್ ಅತಿಯಾಗಿ ಬಂದು, ಸಕ್ಕರೆ ತೀರಾ ಕೆಳಗೆ ಬೀಳುವುದರಿಂದ ಆಗುವಂಥದ್ದು. ನಡುಕ ಬಂದಾಗ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ. ಆ ಹೊತ್ತಲ್ಲಿ ಗಾಡಿ ಓಡಿಸಬೇಡಿ. ಎದೆ ಹಿಂಡಿದ ಹಾಗೆ ನೋವು ಬಂದರೆ ಅಥವಾ ತೋಳಿಗೆ, ದವಡೆಗೆ ನೋವು ಹರಿದರೆ ಡಂಪಿಂಗ್ ಎಂದು ನೀವೇ ತೀರ್ಮಾನಿಸಬೇಡಿ, ಇಸಿಜಿ ಮಾಡಿಸಿ.

ಬನ್ನು, ಸಕ್ಕರೆ ಟೀ ಬಿಟ್ಟರೆ ಬಹುತೇಕರಿಗೆ ಇದು ಹಿಡಿತಕ್ಕೆ ಬರುತ್ತದೆ. ಮನೆಯಿಂದ ಎರಡು ಬೇಯಿಸಿದ ಮೊಟ್ಟೆ ಜೇಬಿಗೆ ಹಾಕಿಕೊಂಡು ಹೋಗಿ, ಅಥವಾ ಹೆಸರುಕಾಳಿನ ಉಸಲಿ. ಟೀ ಬೇಕಾದರೆ ಅರ್ಧ ಗಂಟೆ ಬಿಟ್ಟು, ಸಕ್ಕರೆ ಇಲ್ಲದ್ದು. ಕಬ್ಬಿನ ಹಾಲು, ಜ್ಯೂಸು ಎರಡೂ ಬೇಡ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲಸ ಮುಗಿಸಿ ಜೊತೆಯವರು ಕುಡಿಯಲು ಕರೆದರೆ, ಬೈಪಾಸ್ ಆದವರಿಗೆ ಮದ್ಯ ಬಲು ಬೇಗ ಏರುತ್ತದೆ, ಇಳಿಯುವುದು ತಡ. ಮೊದಲಿನ ಲೆಕ್ಕದಲ್ಲಿ ಕುಡಿದವರು ಗಾಡಿ ಸಮೇತ ಬೀಳುತ್ತಾರೆ. ನನ್ನ ಸಲಹೆ ಪೂರ್ತಿ ಬಿಡಿ ಎಂದೇ.

ಆಪರೇಷನ್ ಆಗಿ ಏಳು ತಿಂಗಳು. ಅದೇ ವಾರ ಆಪರೇಷನ್ ಆದ ಐವರು ವಾಟ್ಸಾಪ್‌ನಲ್ಲಿ ಒಟ್ಟಿಗಿದ್ದೇವೆ. ಒಬ್ಬರು 38 ಕೆಜಿ ಇಳಿದಿದ್ದಾರೆ, ನಾನು 24ಕ್ಕೆ ನಿಂತುಬಿಟ್ಟೆ, ಒಂದು ತಿಂಗಳಿಂದ ಮುಳ್ಳು ಅಲ್ಲಾಡಿಲ್ಲ. ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ, ಬಿಟ್ಟುಬಿಡಿ ಎಂದು ಇನ್ನೊಬ್ಬರು ಹೇಳಿದರು, ಬಿಟ್ಟೆ. ಫೋನ್ ನೋಡಿದರೆ ಅಳು ಬರುತ್ತೆ. ಗುಂಪಿನಿಂದ ಹೊರಗೆ ಬರಲಾ? (39 ವರ್ಷ, ತುಮಕೂರು)

ಬರಬೇಡಿ. ಗುಂಪಿನ ಚಾಳಿ ಬದಲಿಸಿ.

ಆ 38 ಕೆಜಿಯವರು ಆಪರೇಷನ್ ದಿನ ಎಷ್ಟಿದ್ದರು? 150 ಕೆಜಿ ಇದ್ದವರಿಗೂ 100 ಕೆಜಿ ಇದ್ದವರಿಗೂ ಒಂದೇ ಅಳತೆ ಹಿಡಿಯಲಾಗುವುದಿಲ್ಲ. ಗಂಡಸೋ ಹೆಂಗಸೋ, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇತ್ತೇ, ಯಾವ ಆಪರೇಷನ್, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮುಳ್ಳು ಕೆಲವು ವಾರ ನಿಲ್ಲುವುದು ಬಹಳ ಜನಕ್ಕೆ ಆಗುತ್ತದೆ. ಒಂದು ವಾರ ತಿಂದಿದ್ದೆಲ್ಲ ಬರೆಯಿರಿ, ಸಂಜೆ ಟೀ ಜೊತೆಯ ಎರಡು ಬಿಸ್ಕತ್ತು, ಅಡುಗೆ ಮಾಡುತ್ತಾ ರುಚಿ ನೋಡಿದ್ದನ್ನೂ ಸೇರಿಸಿ. ಮೆತ್ತಗೆ ಜಾರುವ ತಿಂಡಿ ಹೊಟ್ಟೆ ತುಂಬಿಸುವುದಿಲ್ಲ, ಕ್ಯಾಲೊರಿ ತುಂಬಿಸುತ್ತದೆ. ಏನೂ ಸಿಗದಿದ್ದರೆ ಸುಮ್ನೆ ಕಾಯಿರಿ.

ಕಬ್ಬಿಣದ ಮಾತ್ರೆ ಬಿಟ್ಟಿದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ಮುಟ್ಟಾಗುವ ಹೆಂಗಸರಿಗೆ ಈ ಆಪರೇಷನ್ ಆದ ಮೇಲೆ ರಕ್ತಹೀನತೆ ಬರುವ ಸಂಭವ ಜಾಸ್ತಿ. ಮಲಬದ್ಧತೆ ಆದರೆ ಬೇರೆ ಬಗೆಯ ಕಬ್ಬಿಣ ಕೊಡುತ್ತಾರೆ, ರಕ್ತನಾಳದ ಮೂಲಕ ಕೊಡುವ ದಾರಿಯೂ ಇದೆ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣಕ್ಕೂ ಎರಡು ಗಂಟೆ ಅಂತರ ಬೇಕು. ಟೀ, ಕಾಫಿ, ಹಾಲಿನ ಜೊತೆ ಕಬ್ಬಿಣ ನುಂಗಬೇಡಿ. ಬಿ12, ಡಿ, ಕ್ಯಾಲ್ಸಿಯಂ ಎಲ್ಲ ಜೀವನಪೂರ್ತಿ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯೂ ಅಷ್ಟೆ.

ಇನ್ನು ಗುಂಪು. ಬಸ್ಸಿನಲ್ಲಿ ವಾಂತಿ ಬರುವಂತಾದಾಗ ಏನು ಮಾಡಿದಿರಿ, ಸಡಿಲವಾದ ರವಿಕೆಗಳನ್ನು ಎಲ್ಲಿ ಒಳಗೆ ಹಿಡಿಸಿದಿರಿ, ಗಂಡ ಎದುರಿಗೆ ಕೂತು ಬಿರಿಯಾನಿ ತಿನ್ನುವಾಗ ಹೇಗೆ ತಡೆದುಕೊಂಡಿರಿ, ಇವುಗಳಿಗೆ ನನ್ನ ಹತ್ತಿರ ಪುಸ್ತಕದ ಉತ್ತರ ಇದೆ, ಅವರ ಹತ್ತಿರ ನಿಜವಾದ ಉತ್ತರ ಇದೆ. ಮಾತ್ರೆ ಮತ್ತು ನೋವಿನ ವಿಷಯದಲ್ಲಿ ಮಾತ್ರ ಅವರ ಮಾತು ಬೇಡ. ಕೆಜಿ ಲೆಕ್ಕ ಗುಂಪಿಗೆ ಹಾಕುವುದು ಬೇಡ ಎಂದು ನೀವೇ ಹೇಳಿ ನೋಡಿ. ಅದರ ಬದಲು ಇವತ್ತು ಎಷ್ಟು ನೀರು, ಎಷ್ಟು ಪ್ರೋಟೀನ್ ಎಂದು ಹಾಕಿ. ತಿಂಗಳಿಗೊಮ್ಮೆ ಅಮಾನಿಕೆರೆ ದಡದಲ್ಲಿ ಸೇರಿ ನಡೆಯಿರಿ. ಹೋಟೆಲಿನಲ್ಲಿ ಸೇರುವುದು ಬೇಡ. ನಮ್ಮಲ್ಲಿ ನಾಲ್ಕು ಜನ ಸೇರಿದರೆ ತಟ್ಟೆ ಇಡ್ಲಿ ಬರದೇ ಇರುವುದಿಲ್ಲ, ಅಲ್ವಾ?

ಗುಂಪಿನಲ್ಲಿ ಯಾರಾದರೂ ಎರಡು ವಾರ ಸದ್ದಿಲ್ಲದಿದ್ದರೆ ಅವರಿಗೇ ಫೋನ್ ಮಾಡಿ. ತೂಕ ವಾಪಸ್ ಏರತೊಡಗಿದವರು ನಾಚಿಕೆಯಿಂದ ಮೊದಲು ಗುಂಪು ಬಿಡುತ್ತಾರೆ, ಆಮೇಲೆ ಚೆಕಪ್ ಬಿಡುತ್ತಾರೆ. ನಿಮ್ಮ ಅಳುವೂ ಹಗುರದ ವಿಷಯವಲ್ಲ. ಎರಡು ವಾರಕ್ಕೂ ಜಾಸ್ತಿ ಹೀಗೇ ಇದ್ದು, ನಿದ್ದೆ ಕೆಟ್ಟರೆ, ಬದುಕು ಸಾಕು ಅನ್ನಿಸಿದರೆ ಮನೋವೈದ್ಯರನ್ನು ನೋಡಿ. 14416 ಟೆಲಿ ಮನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಪರೇಷನ್ ಆಗಿ ಐದನೇ ತಿಂಗಳು. ತಲೆ ಬಾಚಿದರೆ ಹಿಡಿ ಹಿಡಿ ಕೂದಲು. ಬೋಳಾಗುತ್ತೀನಾ? (31 ವರ್ಷ, ಶಿಡ್ಲಘಟ್ಟ)

ಇಲ್ಲ. ಮೂರರಿಂದ ಆರು ತಿಂಗಳ ನಡುವೆ ಬಹಳ ಜನಕ್ಕೆ ಹೀಗಾಗುತ್ತದೆ. ತೂಕ ಸರಸರ ಇಳಿದಾಗ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ, ಬೇರು ಜೀವಂತ ಇರುತ್ತದೆ. ಪ್ರೋಟೀನ್, ಕಬ್ಬಿಣ, ಸತು ಸರಿಯಾಗಿದೆಯೇ ನೋಡಿಸಿಕೊಳ್ಳಿ. ದುಬಾರಿ ಎಣ್ಣೆಗೆ ದುಡ್ಡು ಸುರಿಯಬೇಡಿ. ವರ್ಷ ಕಳೆದರೂ ನಿಲ್ಲದಿದ್ದರೆ ಮತ್ತೆ ರಕ್ತ ಪರೀಕ್ಷೆ.

ಬೈಪಾಸ್ ಆಗಿ ನಾಲ್ಕು ತಿಂಗಳು. ಹೊಟ್ಟೆಯಲ್ಲಿ ಕಲ್ಲಿತ್ತು, ತೆಗೆಸಿದ್ದೇವೆ ಎಂದು ನೆಂಟರಿಗೆ ಹೇಳಿದ್ದೇವೆ. ಮುಂದಿನ ವಾರ ನಾದಿನಿಯ ಮದುವೆ. ಎಲೆ ಮುಂದೆ ಕೂತರೆ ಸಿಕ್ಕಿಬೀಳುತ್ತೇನೆ. ಸಣ್ಣಗಾಗಿದ್ದೀಯಲ್ಲ, ಇನ್ನು ಮಗು ಮಾಡಿಕೊಳ್ಳಿ ಎಂದು ಅತ್ತೆ ಹಿಂದೆ ಬಿದ್ದಿದ್ದಾರೆ. (27 ವರ್ಷ, ಗೌರಿಬಿದನೂರು)

ಮದುವೆಯದು ಸುಲಭ. ಮನೆಯಲ್ಲೇ ತಿಂದು ಹೋಗಿ. ನೀವು ಮದುವೆಮನೆಯವರು ತಾನೇ, ಎಲೆ ಮುಂದೆ ಕೂರದೆ ಬಡಿಸಲು ನಿಂತುಬಿಡಿ. ಬಡಿಸುವವರು ಎಷ್ಟು ತಿಂದರು ಎಂದು ಯಾರೂ ನೋಡುವುದಿಲ್ಲ. ಕೂರಲೇಬೇಕಾಗಿ ಬಂದರೆ ಕೋಸಂಬರಿ, ಕಾಳು ಪಲ್ಯ ಎರಡು ಚಮಚ, ಪಕ್ಕದಲ್ಲಿ ಗಂಡ ಇರಲಿ. ಹೋಳಿಗೆ, ಪಾಯಸ ಮುಟ್ಟಬೇಡಿ, ಮೇಲೆ ಮಂಡಿಯವರಿಗೆ ಆದದ್ದೇ ನಿಮಗೂ ಆಗಬಹುದು. ನಿಮ್ಮ ಆಪರೇಷನ್ ಊರಿಗೆಲ್ಲ ಹೇಳಬೇಕು ಎಂದು ನಾನು ಅನ್ನುವುದಿಲ್ಲ. ಆದರೆ ಮನೆಯಲ್ಲಿ ಇಬ್ಬರಿಗಾದರೂ ನಿಜ ಗೊತ್ತಿರಲಿ. ನೀವು ಎಚ್ಚರ ತಪ್ಪಿ ಬಿದ್ದರೆ ಡಾಕ್ಟರಿಗೆ ಹೇಳುವವರು ಬೇಕು.

ಮಗುವಿನ ವಿಷಯಕ್ಕೆ ಈಗ ಬೇಡ ಎಂದೇ ಹೇಳುತ್ತೇನೆ. ಆಪರೇಷನ್ ಆಗಿ 12ರಿಂದ 18 ತಿಂಗಳು ಕಾಯಬೇಕು. ಈಗ ನಿಮಗೇ ಪೋಷಣೆ ಸಾಲುತ್ತಿಲ್ಲ. ಇನ್ನೊಂದು ವಿಚಾರ, ತೂಕ ಇಳಿಯುತ್ತಿದ್ದ ಹಾಗೆ ಎಷ್ಟೋ ಜನಕ್ಕೆ ಮುಟ್ಟು ಸರಿಯಾಗಿ ಬೇಗನೆ ಗರ್ಭ ನಿಲ್ಲುತ್ತದೆ. ಪಿಸಿಒಡಿ (ಮುಟ್ಟು ಏರುಪೇರು ಮಾಡುವ ಅಂಡಾಶಯದ ತೊಂದರೆ) ಇದೆ, ಹೇಗೂ ಆಗಲ್ಲ ಎಂದು ಸುಮ್ಮನಿದ್ದವರು ಮೂರನೇ ತಿಂಗಳಲ್ಲಿ ನನ್ನ ಮುಂದೆ ಗಾಬರಿಯಿಂದ ಕೂತಿದ್ದಾರೆ. ಬೈಪಾಸ್ ಆದವರ ಮೈ ಗರ್ಭನಿರೋಧಕ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳದೇ ಇರಬಹುದು. ಕಾಪರ್ ಟಿ ಅಥವಾ ಬೇರೆ ಉಪಾಯದ ಬಗ್ಗೆ ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಿ. ಅತ್ತೆಯವರಿಗೆ ನಿಜ ಗೊತ್ತಿದ್ದರೆ ಅವರನ್ನೂ ಕರೆದುಕೊಂಡೇ ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ.

ಮುಂದೆ ಗರ್ಭಿಣಿಯಾದಾಗ ಸಕ್ಕರೆ ಕಾಯಿಲೆ ನೋಡಲು ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆಯುತ್ತಾರೆ. ಹೊಟ್ಟೆಯ ಬೈಪಾಸ್ ಆಗಿದೆ ಎಂದು ಆ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿ. ಬೇರೆ ರೀತಿಯಲ್ಲಿ ಪರೀಕ್ಷೆ ಮಾಡುತ್ತಾರೆ.