ಗೊನೋರಿಯಾ, ಕ್ಲಮಿಡಿಯಾಗೆ ಕೂತಲ್ಲೇ ರಿಪೋರ್ಟ್ ಕೊಡೋ ಪಿಸಿಆರ್ ಥರದ ಟೆಸ್ಟ್ ಮಾಡೋದು ಅಷ್ಟು ಕಷ್ಟನಾ?

ಕೋವಿಡ್ ಟೈಮಲ್ಲಿ ಅಷ್ಟೊಂದು ಪಿಸಿಆರ್ ಮಾಡಿದ್ರಲ್ಲ, ಲೈಂಗಿಕ ಸಂಪರ್ಕದಿಂದ ಹರಡೋ ಈ ಎರಡು ಬ್ಯಾಕ್ಟೀರಿಯಾ ಸೋಂಕಿಗೇನು ಅಡ್ಡಿ ಅಂತ ಕೇಳಿದೀರ. ನಾನು ಹಾಸನದೋನು, ಇಂಥದೇ ಒಂದು ಕಿಟ್ ಮಾಡೋ ಟೀಮಲ್ಲಿ ಮೂರು ವರ್ಷ ಇದ್ದೆ, ಈಗ ಊರಲ್ಲೇ ಸಣ್ಣ ಲ್ಯಾಬ್ ಇಟ್ಕೊಂಡಿದೀನಿ.

ಡಿಎನ್‌ಎ ಕಾಪಿ ಹೆಚ್ಚಿಸಿ ರೋಗಾಣು ಪತ್ತೆ ಮಾಡೋದು ಈಗ ಕಷ್ಟ ಅಲ್ಲ ಕಣ್ರೀ. ಪಿಸಿಆರ್ ಅಂದ್ರೆ 95 ಡಿಗ್ರಿಗೆ ಕಾಯ್ಸು, 60ಕ್ಕೆ ಇಳ್ಸು, ಮತ್ತೆ ಕಾಯ್ಸು ಅಂತ 35-40 ಸುತ್ತು, ಅದಕ್ಕೇ ದುಬಾರಿ ಮಿಷನ್ ಬೇಕು. 2000ದಲ್ಲಿ ಜಪಾನಿನೋರು ಲ್ಯಾಂಪ್ ಅಂತ ಒಂದು ವಿಧಾನ ತಂದ್ರು, ದೀಪ ಅಲ್ಲ, ಹೆಸರಷ್ಟೇ ಹಾಗೆ. 65 ಡಿಗ್ರೀಲಿ ಸುಮ್ನೆ ಇಟ್ಬಿಟ್ರೆ ಸಾಕು, ಸೋಂಕಿದ್ರೆ ಅರ್ಧ ಮುಕ್ಕಾಲು ಗಂಟೇಲಿ ಟ್ಯೂಬಿನ ಗುಲಾಬಿ ಬಣ್ಣ ಹಳದಿಗೆ ತಿರುಗುತ್ತೆ. ನಾವೂ ಅದನ್ನೇ ಹಿಡ್ಕೊಂಡಿದ್ವಿ.

ತಲೆನೋವು ಶುರುವಾಗಿದ್ದು ಸ್ಯಾಂಪಲ್ ಆಗಿ ತಗೊಳೋ ಮೂತ್ರದಿಂದ. ಅದರಲ್ಲಿರೋ ಯೂರಿಯಾ, ಕಾಪಿ ಮಾಡೋ ಎಂಜೈಮಿಗೆ ಆಗಿಬರಲ್ಲ, ಅದೂ ಅಲ್ದೆ ಆ ಬಣ್ಣ ತಿರುಗೋದೇ ಹುಳಿಗೆ, ಮೂತ್ರ ಸ್ವಲ್ಪ ಹುಳಿಯಾಗಿದ್ರೆ ಏನೂ ಇಲ್ದೋನ ಟ್ಯೂಬೂ ಹಳದಿ! ಅದನ್ನ ಸರಿ ಮಾಡ್ಕೊಳೋ ಹೊತ್ತಿಗೆ ಒಂದಿನ ಬೆಳಿಗ್ಗೆ ನೋಡಿದ್ರೆ ಬರೀ ನೀರು ಹಾಕಿದ್ದ ಕಂಟ್ರೋಲ್ ಟ್ಯೂಬೇ ಹಳದಿ. ಯಾರೋ ಮುಗಿದ ಟ್ಯೂಬಿನ ಮುಚ್ಚಳ ಅದೇ ಟೇಬಲ್ ಮೇಲೆ ತೆಗೆದಿದ್ರು (ಯಾರೋ ಅಂದ್ರೆ ನಾನೇ), ಒಳಗಿದ್ದ ಕೋಟಿಗಟ್ಲೆ ಕಾಪಿ ಪಿಪೆಟ್‌ಗೆಲ್ಲ ಮೆತ್ಕೊಂಡಿದ್ವು. ರೀಏಜೆಂಟ್ ಎಲ್ಲ ಚೆಲ್ಲಿ, ಬ್ಲೀಚ್ ಹಾಕಿ ಒರೆಸಿ, ಮೂರು ವಾರ ನೀರುಪಾಲು.

ಯಾವ ಜೀನ್ ಹುಡುಕ್ಬೇಕು ಅನ್ನೋದೂ ಹುಷಾರಾಗಿ ಆರಿಸ್ಬೇಕು. ಕ್ಲಮಿಡಿಯಾದಲ್ಲಿ ಪ್ಲಾಸ್ಮಿಡ್ ಅಂತ ಉಂಗುರದಂಥ ಒಂದು ಸಣ್ಣ ಡಿಎನ್‌ಎ ಇದೆ, ಒಂದೊಂದು ಬ್ಯಾಕ್ಟೀರಿಯಾದಲ್ಲೂ ಹಲವು ಕಾಪಿ ಇರುತ್ತೆ ಅಂತ ದೊಡ್ಡ ಕಂಪನಿಗಳೂ ಅದನ್ನೇ ಹುಡುಕೋ ಟೆಸ್ಟ್ ಮಾಡಿದ್ರು. 2006ರಲ್ಲಿ ಸ್ವೀಡನ್‌ನಲ್ಲಿ ನೋಡಿದ್ರೆ, ಆ ಪ್ಲಾಸ್ಮಿಡ್‌ನಲ್ಲಿ 377 ಡಿಎನ್‌ಎ ಅಕ್ಷರದ ತುಂಡೇ ಬಿದ್ದುಹೋಗಿರೋ ತಳಿ ಹರಡಿತ್ತು, ಟೆಸ್ಟ್ ಹುಡುಕ್ತಿದ್ದ ಜಾಗ ಅದೇ, ಸೋಂಕಿದ್ದೋರಿಗೂ ನೆಗೆಟಿವ್ ಬರ್ತಿತ್ತು. ಅದಕ್ಕೇ ಈಗ ಎರಡು ಜಾಗ ನೋಡೋದು.

ಕಾರ್ಟ್ರಿಡ್ಜ್ ಹಾಕಿದ್ರೆ ಒಂದೂವರೆ ಗಂಟೇಲಿ ಎರಡನ್ನೂ ಹೇಳೋ ಜೀನ್‌ಎಕ್ಸ್‌ಪರ್ಟ್ ಇದೆ, ಆದ್ರೆ ನಮ್ ಕಡೆ ಆ ಮಿಷನ್ ಹೆಚ್ಚಾಗಿ ಟಿಬಿಗೇ ಓಡೋದು. ಇಂಥ ಸೋಂಕಿಗೇ ಇರೋ ಸರ್ಕಾರಿ ಸುರಕ್ಷಾ ಕ್ಲಿನಿಕ್‌ನಲ್ಲಿ ಲಕ್ಷಣ ನೋಡಿ ಬಣ್ಣದ ಗುರುತಿರೋ ಮಾತ್ರೆ ಕಿಟ್ ಕೊಡ್ತಾರೆ, ಅದು ತಪ್ಪಲ್ಲ, ಆದ್ರೆ ಕ್ಲಮಿಡಿಯಾ ಇರೋ ಹೆಂಗಸರಲ್ಲಿ ಬಹಳ ಜನಕ್ಕೆ ಲಕ್ಷಣವೇ ಇರಲ್ಲ, ಅವರು ಬರೋದಾದ್ರೂ ಯಾಕೆ.

ಟೈಮ್ ಯಾಕೆ ಮುಖ್ಯ ಅಂದ್ರೆ, ಹೋದ ತಿಂಗಳು ಸಕಲೇಶಪುರದ ಕಡೆಯ ಒಬ್ರು ಸ್ಯಾಂಪಲ್ ಕೊಟ್ರು, ನಾನು ಹೊರಗಡೆ ಕಳಿಸ್ಬೇಕು, ಎರಡು ದಿನ ಆಗುತ್ತೆ ಅಂದೆ. ‘ವಾಟ್ಸಾಪ್ ಮಾಡ್ಬೇಡಿ ಸಾರ್, ಫೋನ್ ಮಕ್ಳ ಕೈಲಿರುತ್ತೆ, ನಾನೇ ಬರ್ತೀನಿ’ ಅಂದ್ರು. ಪಾಸಿಟಿವ್ ಬಂತು. ಕೊಟ್ಟ ನಂಬರ್‌ಗೆ ಮಾಡಿದ್ರೆ ಬೇರೆ ಯಾರೋ ಎತ್ತಿದ್ರು. ಕವರ್ ಇನ್ನೂ ನನ್ ಡ್ರಾಯರ್‌ನಲ್ಲೇ ಇದೆ.