ಕಾಳಿನಲ್ಲಿ ಮನುಷ್ಯರ ಅಲ್ಬುಮಿನ್ ತಯಾರಾಗುವಂತೆ ಜೀನ್ ಸೇರಿಸಿದ ಭತ್ತವಿದೆಯಲ್ಲ, ಆ ಅಕ್ಕಿಯ ಅನ್ನ ಉಂಡರೆ ಅಲ್ಬುಮಿನ್ ಸಿಗುತ್ತದಾ?

ಇಲ್ಲ, ಸಿಗಲ್ಲ. ಅಲ್ಬುಮಿನ್ ನಮ್ಮ ರಕ್ತದಲ್ಲಿರುವ ಒಂದು ಪ್ರೋಟೀನ್. ತಿಂದರೆ ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನಿನ ಹಾಗೇ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಅಕ್ಕಿಯಿಂದ ಬೇರ್ಪಡಿಸಿ, ಶುದ್ಧ ಮಾಡಿ, ಡ್ರಿಪ್ ಮೂಲಕ ರಕ್ತಕ್ಕೆ ಕೊಡಬೇಕು.

ನಿಮ್ಮ ಇನ್ನೊಂದು ಪ್ರಶ್ನೆ, ಅಲ್ಬುಮಿನ್ ತಯಾರಿಸಲು ಗಿಡದ ಎಲೆ ಬಿಟ್ಟು ಕಾಳೇ ಯಾಕೆ ಅಂತ. ಚೆನ್ನಾಗಿ ಕೇಳಿದಿರಿ. ಎಲೆ ಕೊಯ್ದ ಕೂಡಲೇ ಬಾಡುತ್ತದೆ, ಒಳಗಿನ ಕಿಣ್ವಗಳು ಪ್ರೋಟೀನನ್ನು ಕತ್ತರಿಸಲು ಶುರು ಮಾಡುತ್ತವೆ. ಕಾಳು ಹಾಗಲ್ಲ. ಮೊಳಕೆಗೆ ಬೇಕಾದ ಪ್ರೋಟೀನನ್ನು ಕೂಡಿಡುವುದೇ ಅದರ ಕೆಲಸ. ಒಣಗಿದ ಮೇಲೆ ನೀರಿನಂಶ ಕಡಿಮೆ, ಹಾಗಾಗಿ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ. ನಮ್ಮ ಅಜ್ಜಿಯರ ಕಣಜ ನೆನಪಿದೆ ಅಲ್ವಾ?

ಚೀನಾದ ವುಹಾನ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ್ದು ಇದನ್ನೇ. ಮನುಷ್ಯರ ಅಲ್ಬುಮಿನ್ ಜೀನ್ ಕಾಳಿನೊಳಗೆ ಮಾತ್ರ ಕೆಲಸ ಮಾಡುವಂತೆ ಭತ್ತಕ್ಕೆ ಸೇರಿಸಿದರು. ಒಂದು ಕೆಜಿ ಕಂದು ಅಕ್ಕಿ, ಅಂದರೆ ಪಾಲಿಶ್ ಮಾಡದ ಅಕ್ಕಿಯಿಂದ, ಸುಮಾರು 2.75 ಗ್ರಾಂ ಶುದ್ಧ ಅಲ್ಬುಮಿನ್ ಸಿಕ್ಕಿತು. ಅವರು ಆರಿಸಿದ ಪ್ರೋಟೀನ್ ಕೂಡ ಜಾಣತನದ್ದು. ಬಹಳಷ್ಟು ಪ್ರೋಟೀನುಗಳಿಗೆ ಸಕ್ಕರೆಯ ಸರಪಳಿ ಅಂಟಿರುತ್ತದೆ, ಗಿಡಗಳು ಅದನ್ನು ನಮ್ಮ ದೇಹಕ್ಕಿಂತ ಬೇರೆ ಥರ ಜೋಡಿಸುತ್ತವೆ. ಅಲ್ಬುಮಿನ್‌ಗೆ ಆ ಸರಪಳಿಯೇ ಇಲ್ಲ, ತಲೆನೋವೂ ಇಲ್ಲ.

ಈ ಅಕ್ಕಿ ಊಟದ ಅಕ್ಕಿಗೆ ಬೆರೆತರೆ ಅನ್ನುವ ನಿಮ್ಮ ಭಯ ಸುಮ್ನೆ ಅಲ್ಲ. ಅಮೆರಿಕದಲ್ಲಿ ವೆಂಟ್ರಿಯಾ ಕಂಪನಿ ಇಂಥದ್ದೇ ಭತ್ತವನ್ನು ಮಿಸೌರಿಯಲ್ಲಿ ಬೆಳೆಯಲು ಹೊರಟಾಗ ಅಲ್ಲಿನ ರೈತರೇ ವಿರೋಧಿಸಿದ್ದರು. ಕೊನೆಗೆ ಕಂಪನಿ ಭತ್ತವನ್ನೇ ಬೆಳೆಯದ ಕಾನ್ಸಾಸ್‌ಗೆ ಹೋಯಿತು.